ಪಾಲಾದ ಮೇಲೂ ಒಂದೇ ಯಜಮಾನ: ಆಸ್ತಿ ಕಂಪನಿ ಮತ್ತು ಮಾತೃ ಸಂಸ್ಥೆಯ ನಡುವಿನ ವ್ಯವಹಾರ

ಕುಟುಂಬಗಳಲ್ಲಿ ಪಾಲಾಗುವುದು ನಮಗೆ ಹೊಸದಲ್ಲ. ಅಣ್ಣನಿಗೆ ಅಂಗಡಿ, ತಮ್ಮನಿಗೆ ಮನೆ, ತಂಗಿಗೆ ತೋಟ ಎಂದು ಹಿರಿಯರ ಸಮಕ್ಷಮದಲ್ಲಿ ಪತ್ರ ಬರೆದು ಸಹಿ ಮಾಡುವ ಪದ್ಧತಿ ನಮ್ಮ ಊರುಗಳಲ್ಲಿ ಹಿಂದಿನಿಂದಲೂ ಇದೆ. ಕಂಪನಿಗಳಲ್ಲಿಯೂ ಇಂತಹದೇ ಪಾಲು ನಡೆಯುತ್ತದೆ. ಅದನ್ನು ವಿಭಜನೆ ಅಥವಾ ಡಿಮರ್ಜರ್ ಎಂದು ಕರೆಯುತ್ತಾರೆ. ಇತ್ತೀಚಿನ ವರ್ಷಗಳಲ್ಲಿ ಅನೇಕ ಕುಟುಂಬಗಳ ಡಿಮ್ಯಾಟ್ ಖಾತೆಗಳಲ್ಲಿ, ತಾವು ಎಂದೂ ಕೊಳ್ಳದ ಕಂಪನಿಯ ಷೇರುಗಳು ಕಾಣಿಸಿಕೊಂಡಿರುವುದಕ್ಕೆ ಇದೇ ಕಾರಣ. ಐಟಿಸಿ ತನ್ನ ಹೋಟೆಲು ಉದ್ಯಮವನ್ನು ಬೇರ್ಪಡಿಸಿದಾಗ ಪ್ರತಿ 10 ಷೇರಿಗೆ ಐಟಿಸಿ ಹೋಟೆಲ್ಸ್‌ನ 1 ಷೇರು ದೊರೆಯಿತು. ಆ ಕಂಪನಿ 2025ರ ಜನವರಿಯಲ್ಲಿ ಷೇರುಪೇಟೆಯನ್ನು ಪ್ರವೇಶಿಸಿತು. ಠಾಣೆಯಲ್ಲಿ ವಿಶಾಲವಾದ ಭೂಮಿ ಹೊಂದಿರುವ ರೇಮಂಡ್ ಸಂಸ್ಥೆ ತನ್ನ ಗೃಹನಿರ್ಮಾಣ ವಿಭಾಗವನ್ನು ರೇಮಂಡ್ ರಿಯಾಲ್ಟಿ ಎಂಬ ಪ್ರತ್ಯೇಕ ಕಂಪನಿಯನ್ನಾಗಿ ಮಾಡಿ, ಒಂದಕ್ಕೆ ಒಂದರಂತೆ ಷೇರು ಹಂಚಿತು. ಅದು ಪೇಟೆಗೆ ಬಂದದ್ದು 2025ರ ಜುಲೈ 1ರಂದು.

ಈ ಎರಡು ಕಂಪನಿಗಳ ಬಗ್ಗೆ ಯಾವ ಆಕ್ಷೇಪವನ್ನೂ ಎತ್ತುವುದು ಈ ಲೇಖನದ ಉದ್ದೇಶವಲ್ಲ. ಇಂತಹ ವಿಭಜನೆಗಳು ನಮ್ಮ ಉಳಿತಾಯದ ಬಾಗಿಲಿಗೇ ಬಂದಿವೆ ಎಂಬುದನ್ನು ತೋರಿಸಲಷ್ಟೇ ಅವನ್ನು ಹೆಸರಿಸಲಾಗಿದೆ. ಕಾಗದದ ಮೇಲೆ ಪಾಲಾದರೂ ಎರಡು ಮನೆಗಳ ಯಜಮಾನ ಒಬ್ಬನೇ ಆಗಿದ್ದರೆ ಏನಾಗುತ್ತದೆ? ಕಟ್ಟಡವನ್ನು ಬಾಡಿಗೆಗೆ ಕೊಡುವವನೂ ಅವನೇ, ಪಡೆಯುವವನೂ ಅವನೇ ಆದಾಗ ಬಾಡಿಗೆಯನ್ನು ನಿಶ್ಚಯಿಸುವವರು ಯಾರು? ದೂರದಲ್ಲಿ ಕುಳಿತ ಸಣ್ಣ ಷೇರುದಾರನ ಹಿತವನ್ನು ನೋಡುವವರು ಯಾರು? ಈ ಪ್ರಶ್ನೆಗಳಿಗೆ ಉತ್ತರ ಹುಡುಕುವುದೇ ಇಲ್ಲಿನ ಪ್ರಯತ್ನ.

ಆಸ್ತಿಯನ್ನು ಬೇರ್ಪಡಿಸುವುದು ಏಕೆ?

ಮೊದಲಿಗೆ ವಿಭಜನೆಯ ನ್ಯಾಯಯುತವಾದ ಕಾರಣಗಳನ್ನು ತಿಳಿಯೋಣ. ಹಳೆಯ ಕಂಪನಿಗಳು ಹಲವು ದಶಕಗಳ ಹಿಂದೆ ಕೊಂಡ ಭೂಮಿಯನ್ನು ತಮ್ಮ ಲೆಕ್ಕಪುಸ್ತಕಗಳಲ್ಲಿ ಬಹುಮಟ್ಟಿಗೆ ಅಂದಿನ ಬೆಲೆಗೇ ಇಟ್ಟಿರುತ್ತವೆ. ನಗರ ಬೆಳೆದು ಭೂಮಿಯ ಬೆಲೆ ನೂರ್ಮಡಿಯಾದರೂ ಅದು ಕಂಪನಿಯ ಷೇರು ಬೆಲೆಯಲ್ಲಿ ಪೂರ್ಣವಾಗಿ ಕಾಣುವುದಿಲ್ಲ. ಬಟ್ಟೆ ಮಾರುವ ಕಂಪನಿಯನ್ನು ಪೇಟೆಯು ಬಟ್ಟೆಯ ಲಾಭದಿಂದಲೇ ಅಳೆಯುತ್ತದೆ. ಆಸ್ತಿಯನ್ನು ಬೇರೆ ಕಂಪನಿಯನ್ನಾಗಿ ಮಾಡಿದರೆ ಅದಕ್ಕೆ ಪ್ರತ್ಯೇಕ ಬೆಲೆ ಬರುತ್ತದೆ. ಗೃಹನಿರ್ಮಾಣಕ್ಕೆ ಬೇಕಾದ ಸಾಲ, ಅದರ ಅಪಾಯ, ಅದನ್ನು ನಡೆಸುವ ಜಾಣ್ಮೆ ಎಲ್ಲವೂ ಬೇರೆಯೇ ಆದುದರಿಂದ ಆಡಳಿತಕ್ಕೂ ಅನುಕೂಲ. ಸಾಮಾನ್ಯ ವಿಭಜನೆಯಲ್ಲಿ ಪ್ರತಿಯೊಬ್ಬ ಷೇರುದಾರನಿಗೂ ಅವನ ಪಾಲಿಗೆ ತಕ್ಕಂತೆಯೇ ಹೊಸ ಷೇರು ಸಿಗುವುದರಿಂದ ಆ ದಿನದ ಮಟ್ಟಿಗೆ ಯಾರಿಗೂ ನಷ್ಟವಿಲ್ಲ.

ತೊಡಕು ಆರಂಭವಾಗುವುದು ಮರುದಿನದಿಂದ. ಹಳೆಯ ಕಂಪನಿಯ ಕಾರ್ಖಾನೆ ಅಥವಾ ಮಳಿಗೆ ಹೊಸ ಕಂಪನಿಯ ಕಟ್ಟಡದಲ್ಲಿಯೇ ಇರುತ್ತದೆ. ಅದಕ್ಕೆ ಬಾಡಿಗೆ ಕರಾರು ಬೇಕು. ಹಳೆಯ ಹೆಸರನ್ನು ಬಳಸಲು ಅನುಮತಿ ಬೇಕು. ಹೊಸ ಕಂಪನಿಗೆ ಸಾಲ ಬೇಕಾದರೆ ಹಳೆಯದು ಜಾಮೀನು ನಿಲ್ಲಬೇಕಾದೀತು. ಲೆಕ್ಕಪತ್ರ, ಕಾನೂನು, ಕಂಪ್ಯೂಟರ್ ವ್ಯವಸ್ಥೆಗಳನ್ನು ಕೆಲಕಾಲ ಹಂಚಿಕೊಳ್ಳಬೇಕು. ಇವೆಲ್ಲವನ್ನೂ ಒಟ್ಟಾಗಿ ಸಂಬಂಧಿತ ಪಕ್ಷಗಳ ವ್ಯವಹಾರ, ಅಂದರೆ ರಿಲೇಟೆಡ್ ಪಾರ್ಟಿ ಟ್ರಾನ್ಸ್ಯಾಕ್ಷನ್ ಎನ್ನುತ್ತಾರೆ. ಇವುಗಳಲ್ಲಿ ಹೆಚ್ಚಿನವು ಅನಿವಾರ್ಯವಾದವು. ವ್ಯವಹಾರ ನಡೆಯಿತೆಂಬುದೇ ತಪ್ಪಲ್ಲ, ಅದು ಯಾವ ದರದಲ್ಲಿ, ಯಾವ ಷರತ್ತಿನಲ್ಲಿ, ಯಾರ ಒಪ್ಪಿಗೆಯಿಂದ ನಡೆಯಿತು ಎಂಬುದೇ ಮುಖ್ಯ.

ಒಂದು ಹೋಟೆಲಿನ ಲೆಕ್ಕ

ವಿಷಯ ಸ್ಪಷ್ಟವಾಗಲು ಒಂದು ಕಾಲ್ಪನಿಕ ಉದಾಹರಣೆಯನ್ನು ತೆಗೆದುಕೊಳ್ಳೋಣ. ಮುಂಬಯಿಯ ಮಾಟುಂಗದಲ್ಲಿ ನಮ್ಮವರದೊಂದು ಹೋಟೆಲು, ಅದರ ಕಟ್ಟಡವೂ ಅವರದೇ ಎಂದಿಟ್ಟುಕೊಳ್ಳಿ. ಹೋಟೆಲನ್ನು ಒಂದು ಕಂಪನಿಯಾಗಿಯೂ ಕಟ್ಟಡವನ್ನು ಇನ್ನೊಂದು ಕಂಪನಿಯಾಗಿಯೂ ಬೇರ್ಪಡಿಸಿದರು. ಕೆಲ ವರ್ಷಗಳಲ್ಲಿ ಹಿರಿಯಣ್ಣನು ಹಣದ ಅಗತ್ಯಕ್ಕಾಗಿ ಕಟ್ಟಡದ ಪಾಲಿನಲ್ಲಿ ಸ್ವಲ್ಪವನ್ನು ಮಾರಿದನು. ಈಗ ಹೋಟೆಲಿನಲ್ಲಿ ಅವನ ಪಾಲು ಶೇ. 60, ಕಟ್ಟಡದಲ್ಲಿ ಶೇ. 30. ಆದರೂ ಎರಡರ ಆಡಳಿತವೂ ಅವನ ಕೈಯಲ್ಲಿಯೇ ಇದೆ. ಮದುವೆಯಾಗಿ ಪುಣೆಯಲ್ಲಿ ನೆಲೆಸಿರುವ ತಂಗಿಗೆ ಹೋಟೆಲಿನಲ್ಲಿ ಪಾಲಿಲ್ಲ, ಕಟ್ಟಡದಲ್ಲಿ ಶೇ. 20 ಇದೆ.

ಅಂತಹ ಜಾಗಕ್ಕೆ ಹೊರಗಿನವರು ವರ್ಷಕ್ಕೆ 20 ಲಕ್ಷ ರೂಪಾಯಿ ಬಾಡಿಗೆ ಕೊಡಲು ಸಿದ್ಧರಿದ್ದಾರೆ. ಅಣ್ಣನು 12 ಲಕ್ಷಕ್ಕೆ ಕರಾರು ಮಾಡಿದನು. ಹೋಟೆಲಿಗೆ 8 ಲಕ್ಷ ಉಳಿಯಿತು. ಅದರಲ್ಲಿ ಅವನ ಪಾಲು 4.80 ಲಕ್ಷ. ಕಟ್ಟಡಕ್ಕೆ 8 ಲಕ್ಷ ಕಡಮೆಯಾಯಿತು, ಅದರಲ್ಲಿ ಅವನ ಪಾಲಿನ ನಷ್ಟ 2.40 ಲಕ್ಷ ಮಾತ್ರ. ಎರಡನ್ನೂ ಕೂಡಿ ಕಳೆದರೆ ಅವನಿಗೆ ವರ್ಷಕ್ಕೆ 2.40 ಲಕ್ಷ ಲಾಭ. ತಂಗಿಗೆ ವರ್ಷಕ್ಕೆ 1.60 ಲಕ್ಷ ನಷ್ಟ. ಯಾರ ಪೆಟ್ಟಿಗೆಯೂ ಒಡೆಯಲಿಲ್ಲ, ಯಾವ ಲೆಕ್ಕವೂ ಸುಳ್ಳಾಗಲಿಲ್ಲ. ಕರಾರಿನ ಒಂದು ಅಂಕಿಯಷ್ಟೇ ಹಣವನ್ನು ಒಂದು ಕೈಯಿಂದ ಇನ್ನೊಂದು ಕೈಗೆ ದಾಟಿಸಿತು.

ಇಷ್ಟಕ್ಕೇ ಇದು ನಿಲ್ಲುವುದಿಲ್ಲ. ಬಾಡಿಗೆ ತರುವ ಕಟ್ಟಡದ ಬೆಲೆಯನ್ನು ಬಾಡಿಗೆಯಿಂದಲೇ ಎಣಿಸುವ ವಾಡಿಕೆಯುಂಟು. ವಾರ್ಷಿಕ ಬಾಡಿಗೆಯ 20 ಪಟ್ಟು ಬೆಲೆಯೆಂದರೆ, 20 ಲಕ್ಷದ ಲೆಕ್ಕದಲ್ಲಿ ಕಟ್ಟಡ 4 ಕೋಟಿಯದು, 12 ಲಕ್ಷದ ಲೆಕ್ಕದಲ್ಲಿ 2.40 ಕೋಟಿಯದು. ಮುಂದೊಂದು ದಿನ ಅಣ್ಣನೇ ತಂಗಿಯ ಪಾಲನ್ನು ಕೊಳ್ಳಲು ಬಂದರೆ ಅವಳಿಗೆ 80 ಲಕ್ಷದ ಬದಲು 48 ಲಕ್ಷ ದೊರೆಯುತ್ತದೆ. ಇದಕ್ಕೆ ವ್ಯತಿರಿಕ್ತವಾಗಿಯೂ ನಡೆಯಬಹುದು. ಕಟ್ಟಡದಲ್ಲಿ ಅವನ ಪಾಲು ಹೆಚ್ಚಾಗಿದ್ದಲ್ಲಿ ಬಾಡಿಗೆ 28 ಲಕ್ಷವಾಗಬಹುದು. ಆಗ ಹೋಟೆಲು ಸೊರಗುತ್ತದೆ, ಅದರ ಪಾಲುದಾರರೂ ನೌಕರರೂ ಬಳಲುತ್ತಾರೆ. ಆದುದರಿಂದ ಇಂತಹ ಕರಾರನ್ನು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆ ಇದು: ನಿರ್ಧಾರ ಮಾಡುವವನ ಪಾಲು ಯಾವ ಕಡೆ ಹೆಚ್ಚಾಗಿದೆ?

ಸಿಯರ್ಸ್ ಮತ್ತು ಸೆರಿಟೇಜ್

ಈ ವಿಷಯದಲ್ಲಿ ಜಗತ್ತು ಅತ್ಯಂತ ಹೆಚ್ಚು ಚರ್ಚಿಸಿದ ನಿದರ್ಶನಗಳಲ್ಲಿ ಒಂದು ಅಮೆರಿಕದ್ದು. ಸಿಯರ್ಸ್ ಎಂಬುದು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಂಚೆಯ ಮೂಲಕ ಸಾಮಾನು ಮಾರುತ್ತ ಬೆಳೆದ ವ್ಯಾಪಾರ ಸಂಸ್ಥೆ. ಗಡಿಯಾರದಿಂದ ಹಿಡಿದು ಜೋಡಿಸಿಕೊಳ್ಳುವ ಮನೆಯವರೆಗೆ ಎಲ್ಲವನ್ನೂ ಅದು ತನ್ನ ಕ್ಯಾಟಲಾಗಿನ ಮೂಲಕ ಮಾರಿತ್ತು. ಶಿಕಾಗೋ ನಗರದಲ್ಲಿ 1973ರಲ್ಲಿ ಅದು ಕಟ್ಟಿಸಿದ 110 ಅಂತಸ್ತಿನ ಗೋಪುರ ಅಂದಿಗೆ ಜಗತ್ತಿನಲ್ಲಿಯೇ ಎತ್ತರವಾದ ಕಟ್ಟಡ. ಮುಂದೆ ಪೈಪೋಟಿಯಲ್ಲಿ ಹಿಂದೆ ಬಿದ್ದ ಈ ಸಂಸ್ಥೆ 2005ರಲ್ಲಿ ಕೆಮಾರ್ಟ್ ಜೊತೆ ಸೇರಿ ಸಿಯರ್ಸ್ ಹೋಲ್ಡಿಂಗ್ಸ್ ಆಯಿತು. ಈ ಜೋಡಣೆಯ ಸೂತ್ರಧಾರ ಎಡ್ವರ್ಡ್ ಲ್ಯಾಂಪರ್ಟ್ ಎಂಬ ಹೂಡಿಕೆದಾರರು. ಅವರ ಇಎಸ್‌ಎಲ್ ಎಂಬ ಹೂಡಿಕೆ ನಿಧಿಯೇ ಕಂಪನಿಯ ಅತಿದೊಡ್ಡ ಷೇರುದಾರ. 2013ರಲ್ಲಿ ಅವರೇ ಮುಖ್ಯ ಕಾರ್ಯನಿರ್ವಾಹಕರೂ ಆದರು.

ವ್ಯಾಪಾರ ಕುಗ್ಗುತ್ತಿದ್ದರೂ ಕಂಪನಿಯ ಬಳಿ ಅಮೆರಿಕದ ಉದ್ದಗಲಕ್ಕೂ ಮಳಿಗೆಗಳ ಆಸ್ತಿಯಿತ್ತು. 2015ರ ಜುಲೈಯಲ್ಲಿ ಅವುಗಳಲ್ಲಿ 235 ಮಳಿಗೆಗಳನ್ನೂ, ಇತರ ಕಂಪನಿಗಳ ಸಹಭಾಗಿತ್ವದಲ್ಲಿದ್ದ 31 ಆಸ್ತಿಗಳಲ್ಲಿನ ಅರ್ಧ ಪಾಲನ್ನೂ ಸೆರಿಟೇಜ್ ಗ್ರೋತ್ ಪ್ರಾಪರ್ಟೀಸ್ ಎಂಬ ಹೊಸ ಆಸ್ತಿ ಕಂಪನಿಗೆ ಸುಮಾರು 270 ಕೋಟಿ ಡಾಲರಿಗೆ ಮಾರಲಾಯಿತು. ಸೆರಿಟೇಜ್ ಈ ಹಣವನ್ನು ಒದಗಿಸಿಕೊಂಡದ್ದು ಭಾಗಶಃ ಸಾಲದಿಂದ, ಭಾಗಶಃ ಹಕ್ಕಿನ ಷೇರುಗಳಿಂದ. ಸಿಯರ್ಸ್ ಷೇರುದಾರರಿಗೆ ಹೊಸ ಷೇರು ಪುಕ್ಕಟೆಯಾಗಿ ಸಿಗಲಿಲ್ಲ, ತಲಾ 29.58 ಡಾಲರ್ ತೆತ್ತು ಕೊಳ್ಳುವ ಹಕ್ಕು ಮಾತ್ರ ದೊರೆಯಿತು. ಬೇಡವಾದವರು ಆ ಹಕ್ಕನ್ನು ಪೇಟೆಯಲ್ಲಿ ಮಾರಬಹುದಿತ್ತು. ಇಎಸ್‌ಎಲ್ ತನ್ನ ಹಕ್ಕನ್ನು ಬಳಸಿ ಸೆರಿಟೇಜ್‌ನಲ್ಲಿಯೂ ದೊಡ್ಡ ಪಾಲುದಾರನಾಯಿತು. ಲ್ಯಾಂಪರ್ಟ್ ಸೆರಿಟೇಜ್‌ನ ಅಧ್ಯಕ್ಷರಾದರು, ಸಿಯರ್ಸ್‌ನ ಅಧ್ಯಕ್ಷರಾಗಿಯೂ ಮುಖ್ಯ ಕಾರ್ಯನಿರ್ವಾಹಕರಾಗಿಯೂ ಮುಂದುವರಿದರು. ಸಿಯರ್ಸ್‌ಗೆ ಇಎಸ್‌ಎಲ್ ಸಾಲವನ್ನೂ ಕೊಟ್ಟಿತ್ತು. ಹೀಗೆ ಬಾಡಿಗೆದಾರ, ಮಾಲೀಕ, ಸಾಲಿಗ ಎಂಬ ಮೂರು ಸ್ಥಾನಗಳಲ್ಲಿಯೂ ಒಂದೇ ಹಿತಾಸಕ್ತಿಯ ಹೆಜ್ಜೆಯಿತ್ತು.

ಬಾಡಿಗೆ ಕರಾರಿನ ಷರತ್ತುಗಳು

ಮಾರಿದ ಮಳಿಗೆಗಳಲ್ಲಿ ಬಹುಪಾಲನ್ನು ಸಿಯರ್ಸ್ ಒಂದೇ ಸಮಗ್ರ ಕರಾರಿನ ಮೂಲಕ ಮತ್ತೆ ಬಾಡಿಗೆಗೆ ಪಡೆಯಿತು. ಮೊದಲ ವರ್ಷದ ಮೂಲ ಬಾಡಿಗೆ ಸುಮಾರು 13.4 ಕೋಟಿ ಡಾಲರ್, ಆನಂತರ ವರ್ಷಕ್ಕೆ ಶೇ. 2ರಂತೆ ಏರಿಕೆ. ಮೊದಲ ಅವಧಿ 10 ವರ್ಷ. ಈ ಕರಾರಿನ ಎರಡು ಷರತ್ತುಗಳನ್ನು ಗಮನಿಸಬೇಕು.

ಒಂದನೆಯದು ಮಾಲೀಕನಾದ ಸೆರಿಟೇಜ್‌ಗೆ ಸಂಬಂಧಿಸಿದ್ದು. ಸಾಮಾನ್ಯವಾಗಿ ಪ್ರತಿ ಮಳಿಗೆಯ ಅರ್ಧದಷ್ಟು ಜಾಗವನ್ನು ಸಿಯರ್ಸ್‌ನಿಂದ ಮರಳಿ ಪಡೆದು, ನವೀಕರಿಸಿ, ಹೊರಗಿನವರಿಗೆ ಬಾಡಿಗೆಗೆ ಕೊಡುವ ಹಕ್ಕು ಅದಕ್ಕಿತ್ತು. ಹೀಗೆ ಹೊರಗಿನವರಿಗೆ ಕೊಟ್ಟ ಜಾಗಕ್ಕೆ ಸಿಯರ್ಸ್ ಕೊಡುತ್ತಿದ್ದುದಕ್ಕಿಂತ ಸುಮಾರು ನಾಲ್ಕು ಪಟ್ಟು ಬಾಡಿಗೆ ಬಂದಿತು. ಎರಡನೆಯದು ಬಾಡಿಗೆದಾರನಿಗೆ ಸಂಬಂಧಿಸಿದ್ದು. ನಷ್ಟದಲ್ಲಿರುವ ಮಳಿಗೆಯನ್ನು ಒಂದು ವರ್ಷದ ಬಾಡಿಗೆಯಷ್ಟು ಹಣ ಕೊಟ್ಟು, ನಿಗದಿಯಾದ ವಾರ್ಷಿಕ ಮಿತಿಯೊಳಗೆ, ಸಿಯರ್ಸ್ ತೊರೆಯಬಹುದಿತ್ತು.

ಇದನ್ನು ಎರಡು ರೀತಿಯಲ್ಲಿ ಓದಬಹುದು. ನಾಲ್ಕು ಪಟ್ಟು ಬಾಡಿಗೆ ಬರುವ ಜಾಗವಾದರೆ ಸಿಯರ್ಸ್ ಅದನ್ನು ಅಗ್ಗಕ್ಕೆ ಮಾರಿತೆಂದು ಆಕ್ಷೇಪಿಸಿದವರು ಹೇಳಿದರು. ಆದರೆ ಆ ಬಾಡಿಗೆ ತಾನಾಗಿ ಬರುವುದಲ್ಲ. ಹಳೆಯ ಮಳಿಗೆಯನ್ನು ಕೆಡವಿ ಕಟ್ಟಲು ಅಪಾರ ಬಂಡವಾಳ ಬೇಕು, ಅದು ಸಿಯರ್ಸ್ ಬಳಿ ಇರಲಿಲ್ಲ. ಸ್ವತಂತ್ರ ಮೌಲ್ಯಮಾಪಕರ ವರದಿಯೂ ನಿರ್ದೇಶಕರ ಪ್ರತ್ಯೇಕ ಸಮಿತಿಯ ಪರಿಶೀಲನೆಯೂ ಈ ಮಾರಾಟಕ್ಕೆ ಇದ್ದವು. ಎಲ್ಲ ಷೇರುದಾರರಿಗೂ ಸಮಾನ ಹಕ್ಕು ಕೊಡಲಾಗಿತ್ತು. ಬಂದ ಹಣ ಸಿಯರ್ಸ್‌ನ ಉಸಿರನ್ನು ಇನ್ನಷ್ಟು ಕಾಲ ಉಳಿಸಿತು ಎಂಬುದು ಲ್ಯಾಂಪರ್ಟ್ ಪಕ್ಷದ ವಾದ. ಈ ವಾದಗಳೆರಡರಲ್ಲಿಯೂ ತಿರುಳಿದೆ. ಸಂಬಂಧಿತ ಪಕ್ಷಗಳ ವ್ಯವಹಾರದ ಕಷ್ಟವೂ ಇದೇ. ಅಪರಿಚಿತರಿಬ್ಬರು ಚೌಕಾಶಿ ಮಾಡಿ ನಿಶ್ಚಯಿಸಿದ ಬೆಲೆ ಹೆಚ್ಚೋ ಕಡಮೆಯೋ ಎಂದು ಮೂರನೆಯವರು ಸಂಶಯಿಸುವುದಿಲ್ಲ. ಚೌಕಾಶಿಯ ಎರಡೂ ಬದಿಯಲ್ಲಿ ಒಬ್ಬರೇ ಕುಳಿತಾಗ ಸರಿಯಾದ ಬೆಲೆಯನ್ನು ಸರಿಯೆಂದು ತೋರಿಸುವುದೂ ಕಷ್ಟವಾಗುತ್ತದೆ.

ಕಥೆಯ ಉತ್ತರಾರ್ಧ

ಷೇರುದಾರರು ಡೆಲವೇರ್ ರಾಜ್ಯದ ನ್ಯಾಯಾಲಯದಲ್ಲಿ ಹೂಡಿದ ದಾವೆ 2017ರಲ್ಲಿ 4 ಕೋಟಿ ಡಾಲರ್ ರಾಜಿಯಲ್ಲಿ ಮುಗಿಯಿತು. 2018ರ ಅಕ್ಟೋಬರ್ 15ರಂದು ಸಿಯರ್ಸ್ ದಿವಾಳಿ ರಕ್ಷಣೆಗೆ ಅರ್ಜಿ ಸಲ್ಲಿಸಿತು. ಆಗ ಅದರಲ್ಲಿ ಸುಮಾರು 700 ಮಳಿಗೆಗಳೂ 68,000 ನೌಕರರೂ ಉಳಿದಿದ್ದರು. ಮರುವರ್ಷ ಅಳಿದುಳಿದ ವ್ಯವಹಾರವನ್ನು ಸುಮಾರು 520 ಕೋಟಿ ಡಾಲರಿನ ವ್ಯವಸ್ಥೆಯಲ್ಲಿ ಕೊಂಡವರು ಮತ್ತೆ ಲ್ಯಾಂಪರ್ಟರೇ. ಸುಮಾರು 90,000 ಮಂದಿಯ ಪಿಂಚಣಿ ಯೋಜನೆಗಳನ್ನು ಅಮೆರಿಕದ ಸರಕಾರಿ ಪಿಂಚಣಿ ಖಾತರಿ ನಿಗಮ ವಹಿಸಿಕೊಳ್ಳಬೇಕಾಯಿತು. ನಿವೃತ್ತರಿಗೆ ಕಂಪನಿ ಕೊಡುತ್ತಿದ್ದ ಜೀವವಿಮೆ 2019ರಲ್ಲಿ ನಿಂತುಹೋಯಿತು. ಹತ್ತಾರು ವರ್ಷ ಅದೇ ಅಂಗಡಿಯಲ್ಲಿ ದುಡಿದವರು, ತಮ್ಮ ಅಂತ್ಯಕ್ರಿಯೆಯ ಖರ್ಚಿಗೆಂದು ನಂಬಿದ್ದ ಮೊತ್ತವನ್ನು ಮುಪ್ಪಿನಲ್ಲಿ ಕಳೆದುಕೊಂಡರು.

2019ರ ಏಪ್ರಿಲ್‌ನಲ್ಲಿ ದಿವಾಳಿಯಾದ ಸಿಯರ್ಸ್‌ನ ಪರವಾಗಿ ಇನ್ನೊಂದು ದೊಡ್ಡ ದಾವೆ ಹೂಡಲಾಯಿತು. ಸೆರಿಟೇಜ್ ಮಾರಾಟವೂ ಸೇರಿದಂತೆ ಹಲವು ವ್ಯವಹಾರಗಳ ಮೂಲಕ 200 ಕೋಟಿ ಡಾಲರಿಗೂ ಹೆಚ್ಚಿನ ಸಂಪತ್ತನ್ನು ಸಾಲಗಾರರ ಕೈಗೆಟುಕದಂತೆ ಸಾಗಿಸಲಾಗಿತ್ತೆಂಬುದು ಅದರ ಆರೋಪ. ಪ್ರತಿವಾದಿಗಳು ಅದನ್ನು ನಿರಾಕರಿಸಿದರು. 2022ರಲ್ಲಿ 17.5 ಕೋಟಿ ಡಾಲರ್ ಸಂದಾಯದ ರಾಜಿಯಾಯಿತು. ಹೀಗಾಗಿ ಆ ಬೆಲೆ ನ್ಯಾಯವಾಗಿತ್ತೇ ಎಂಬ ಪ್ರಶ್ನೆಗೆ ನ್ಯಾಯಾಲಯದ ಅಂತಿಮ ಉತ್ತರ ಸಿಗಲೇ ಇಲ್ಲ.

ಕಟ್ಟಡಗಳನ್ನು ಪಡೆದ ಸೆರಿಟೇಜ್ ಆದರೂ ಏಳಿಗೆ ಹೊಂದಿತೇ? ಆರಂಭದಲ್ಲಿ ಅದರ ಬಗ್ಗೆ ಬಹಳ ಭರವಸೆಯಿತ್ತು. ಪ್ರಸಿದ್ಧ ಹೂಡಿಕೆದಾರ ವಾರೆನ್ ಬಫೆಟ್ 2015ರ ಕೊನೆಗೆ ತಮ್ಮ ಸ್ವಂತ ಹಣದಿಂದ ಅದರ ಶೇ. 8ರಷ್ಟು ಷೇರು ಕೊಂಡಿದ್ದು ಬೆಳಕಿಗೆ ಬಂದಿತು. 2016ರಲ್ಲಿ ಷೇರು 50 ಡಾಲರ್ ಮೀರಿತು. 2018ರಲ್ಲಿ ಬಫೆಟ್ ಅವರ ಬರ್ಕ್‌ಶೈರ್ ಸಮೂಹವೇ 200 ಕೋಟಿ ಡಾಲರ್‌ವರೆಗಿನ ಸಾಲ ಮಂಜೂರು ಮಾಡಿತು. ಆದರೆ ಅದರ ಬಾಡಿಗೆಯ ಬಹುಪಾಲು ಬರುತ್ತಿದ್ದುದು ಸಿಯರ್ಸ್ ಒಂದರಿಂದಲೇ. ಸಿಯರ್ಸ್ ಮಳಿಗೆಗಳು ಒಂದೊಂದಾಗಿ ಮುಚ್ಚಿದಂತೆ, ಹೊಸ ಬಾಡಿಗೆದಾರರು ಬರುವ ಮೊದಲೇ ಹಳೆಯ ಬಾಡಿಗೆ ನಿಂತಿತು. 2019ರಲ್ಲಿ ಸಾಮಾನ್ಯ ಷೇರುಗಳ ಲಾಭಾಂಶ ಸ್ಥಗಿತವಾಯಿತು. ಅದರ ಮರುವರ್ಷ ಕೋವಿಡ್ ಬಂದೆರಗಿತು. 2022ರ ಮಾರ್ಚಿಯಲ್ಲಿ ಲ್ಯಾಂಪರ್ಟ್ ಅಧ್ಯಕ್ಷಸ್ಥಾನ ಬಿಟ್ಟರು. ಅದೇ ವರ್ಷದ ಅಕ್ಟೋಬರಿನಲ್ಲಿ ಆಸ್ತಿಗಳನ್ನೆಲ್ಲ ಮಾರಿ ಕಂಪನಿಯನ್ನೇ ವಿಸರ್ಜಿಸುವ ಯೋಜನೆಗೆ ಷೇರುದಾರರು ಒಪ್ಪಿಗೆಯಿತ್ತರು. 29.58 ಡಾಲರ್ ತೆತ್ತು ಕೊಂಡ ಷೇರು 2024ರ ಕೊನೆಗೆ 5 ಡಾಲರಿಗಿಂತಲೂ ಕೆಳಗಿತ್ತು.

ಇದರಿಂದ ಒಂದು ಪಾಠ ದೊರೆಯುತ್ತದೆ. ಮಾತೃ ಸಂಸ್ಥೆಯಿಂದ ಬೇರ್ಪಟ್ಟ ಆಸ್ತಿ ಕಂಪನಿಯು ಅದೇ ಸಂಸ್ಥೆಯ ಬಾಡಿಗೆಯನ್ನು ನಂಬಿ ನಿಂತರೆ ಅದು ನಿಜವಾಗಿ ಬೇರ್ಪಟ್ಟಿಲ್ಲ. ಹಳೆಯ ಮರಕ್ಕೆ ಹುಳು ಹಿಡಿದರೆ ಬಳ್ಳಿಯೂ ಬಾಡುತ್ತದೆ.

ಹೈದರಾಬಾದಿನ ನೆನಪು

ನಮ್ಮ ದೇಶದಲ್ಲಿ ಈ ವಿಷಯ ಮನೆಮಾತಾದದ್ದು ಸತ್ಯಂ ಪ್ರಕರಣದಿಂದ. ಅಲ್ಲಿ ನಡೆದದ್ದು ವಿಭಜನೆಯಲ್ಲ, ಅದಕ್ಕೆ ವಿರುದ್ಧವಾದುದು. 2008ರ ಡಿಸೆಂಬರ್ 16ರಂದು ಹೈದರಾಬಾದಿನ ಸತ್ಯಂ ಕಂಪ್ಯೂಟರ್ಸ್, ಮೇಟಾಸ್ ಪ್ರಾಪರ್ಟೀಸ್ ಎಂಬ ಆಸ್ತಿ ಕಂಪನಿಯನ್ನೂ ಮೇಟಾಸ್ ಇನ್ಫ್ರಾದ ಶೇ. 51 ಪಾಲನ್ನೂ ಒಟ್ಟು 160 ಕೋಟಿ ಡಾಲರಿಗೆ ಕೊಳ್ಳುವುದಾಗಿ ಪ್ರಕಟಿಸಿತು. ಸತ್ಯಂ ಎಂಬ ಹೆಸರಿನ ಇಂಗ್ಲಿಷ್ ಅಕ್ಷರಗಳನ್ನು ಹಿಂದುಮುಂದಾಗಿ ಬರೆದರೆ ಬರುವುದೇ ಮೇಟಾಸ್. ಸತ್ಯಂನ ಅಧ್ಯಕ್ಷ ರಾಮಲಿಂಗ ರಾಜು ಅವರ ಕುಟುಂಬಕ್ಕೆ ಸತ್ಯಂನಲ್ಲಿ ಇದ್ದುದಕ್ಕಿಂತ ಹೆಚ್ಚಿನ ಪಾಲು ಮೇಟಾಸ್ ಕಂಪನಿಗಳಲ್ಲಿತ್ತು. ನಮ್ಮ ಹೋಟೆಲಿನ ಲೆಕ್ಕವನ್ನು ಇಲ್ಲಿ ನೆನೆಯಬಹುದು.

ಹೆಸರಾಂತ ಸ್ವತಂತ್ರ ನಿರ್ದೇಶಕರಿದ್ದ ಮಂಡಳಿಯೇ ಇದಕ್ಕೆ ಒಪ್ಪಿಗೆ ನೀಡಿತ್ತು. ಆದರೆ ಹೂಡಿಕೆದಾರರು ಸಿಡಿದೆದ್ದರು. ನ್ಯೂಯಾರ್ಕಿನಲ್ಲಿ ಸತ್ಯಂ ಷೇರು ಅರ್ಧಕ್ಕಿಂತ ಹೆಚ್ಚು ಕುಸಿಯಿತು. ಕೆಲವೇ ಗಂಟೆಗಳಲ್ಲಿ ಕಂಪನಿ ಹಿಂದೆಗೆಯಿತು. 2009ರ ಜನವರಿ 7ರಂದು ರಾಜು ಬರೆದ ಪತ್ರದಲ್ಲಿ 7,000 ಕೋಟಿ ರೂಪಾಯಿಗೂ ಮಿಕ್ಕಿದ ಸುಳ್ಳು ಲೆಕ್ಕ ಹೊರಬಂದಿತು. ಇಲ್ಲದ ಹಣದ ಜಾಗದಲ್ಲಿ ಇರುವ ಆಸ್ತಿಯನ್ನು ತುಂಬಿಸುವ ಕೊನೆಯ ಯತ್ನವೇ ಮೇಟಾಸ್ ಖರೀದಿಯಾಗಿತ್ತೆಂದು ಅವರೇ ಬರೆದರು. ಆ ದಿನಗಳಲ್ಲಿ ಹೈದರಾಬಾದಿನಲ್ಲಿದ್ದ ಕನ್ನಡ ಕುಟುಂಬಗಳಿಗೆ ಆ ಆತಂಕ ಈಗಲೂ ನೆನಪಿದ್ದೀತು. ಮುಂದಿನ ಕಾನೂನುಗಳು ಬಿಗಿಯಾಗಲು ಈ ಪ್ರಕರಣ ಬಹುಮಟ್ಟಿಗೆ ಕಾರಣವಾಯಿತು.

ಇಂದಿನ ಕಾನೂನು

2013ರ ಕಂಪನಿ ಕಾಯಿದೆಯ 188ನೆಯ ಕಲಮು ಸಂಬಂಧಿತ ಪಕ್ಷಗಳ ನಡುವಿನ ಆಸ್ತಿ ಮಾರಾಟ, ಖರೀದಿ, ಬಾಡಿಗೆ ಮೊದಲಾದವಕ್ಕೆ ನಿರ್ದೇಶಕ ಮಂಡಳಿಯ ಒಪ್ಪಿಗೆಯನ್ನು ವಿಧಿಸಿದೆ. ನಿಗದಿತ ಮಿತಿ ಮೀರಿದರೆ ಷೇರುದಾರರ ಒಪ್ಪಿಗೆಯೂ ಬೇಕು. ನಿತ್ಯದ ವ್ಯವಹಾರದಲ್ಲಿ, ಅಪರಿಚಿತರ ನಡುವೆ ನಡೆಯಬಹುದಾದ ದರದಲ್ಲಿಯೇ ನಡೆದರೆ ಈ ಕಲಮಿನಿಂದ ವಿನಾಯಿತಿಯಿದೆ.

ಷೇರುಪೇಟೆಯಲ್ಲಿರುವ ಕಂಪನಿಗಳಿಗೆ ಸೆಬಿಯ 2015ರ ನಿಯಮಾವಳಿ ಇನ್ನೂ ಕಟ್ಟುನಿಟ್ಟಾಗಿದೆ. ಅದರ 23ನೆಯ ನಿಯಮದಂತೆ ಇಂತಹ ವ್ಯವಹಾರಗಳಿಗೆ ಲೆಕ್ಕಪರಿಶೋಧನಾ ಸಮಿತಿಯ ಪೂರ್ವಾನುಮತಿ ಬೇಕು. ಸಮಿತಿಯಲ್ಲಿರುವ ಸ್ವತಂತ್ರ ನಿರ್ದೇಶಕರು ಮಾತ್ರ ಈ ಒಪ್ಪಿಗೆಯನ್ನು ಕೊಡಬಹುದು. ಗಣನೀಯ ಮೊತ್ತದ ವ್ಯವಹಾರವಾದರೆ ಷೇರುದಾರರ ಮುಂದಿಡಬೇಕು. ಆ ಮತದಾನದಲ್ಲಿ ಸಂಬಂಧಿತ ಪಕ್ಷದವರು ಒಪ್ಪಿಗೆಯ ಪರವಾಗಿ ಮತ ಹಾಕುವಂತಿಲ್ಲ. ಅಂದರೆ ಪ್ರವರ್ತಕರ ಬಳಿ ಶೇ. 70 ಷೇರುಗಳಿದ್ದರೂ, ಅಂತಹ ನಿರ್ಣಯಕ್ಕೆ ಒಪ್ಪಿಗೆ ಕೊಡಬೇಕಾದವರು ಉಳಿದ ಶೇ. 30 ಮಂದಿ. ಪ್ರವರ್ತಕರ ಗುಂಪಿಗೆ ಸೇರಿದ ವ್ಯಕ್ತಿಗಳೂ ಸಂಸ್ಥೆಗಳೂ ಸಂಬಂಧಿತ ಪಕ್ಷವೆಂದೇ 2022ರಿಂದ ಪರಿಗಣಿತವಾಗಿರುವುದರಿಂದ, ಒಬ್ಬರೇ ಪ್ರವರ್ತಕರಿರುವ ಮಾತೃ ಸಂಸ್ಥೆ ಮತ್ತು ಬೇರ್ಪಟ್ಟ ಕಂಪನಿ ಪಾಲಾದ ಮೇಲೂ ಕಾನೂನಿನ ಕಣ್ಣಿನಲ್ಲಿ ಸಂಬಂಧಿಗಳೇ. ಈ ವ್ಯವಹಾರಗಳ ವಿವರವನ್ನು ಆರು ತಿಂಗಳಿಗೊಮ್ಮೆ ಷೇರು ವಿನಿಮಯ ಕೇಂದ್ರಕ್ಕೆ ಸಲ್ಲಿಸಬೇಕು, ವಾರ್ಷಿಕ ವರದಿಯ ಟಿಪ್ಪಣಿಗಳಲ್ಲಿಯೂ ಪ್ರಕಟಿಸಬೇಕು.

ವಿಭಜನೆಯ ಯೋಜನೆಯೂ ಸುಲಭವಾಗಿ ಜಾರಿಯಾಗುವುದಿಲ್ಲ. ಮತ ಚಲಾಯಿಸಿದ ಷೇರುದಾರರಲ್ಲಿ ಮೌಲ್ಯದ ನಾಲ್ಕರಲ್ಲಿ ಮೂರು ಪಾಲಿನವರ ಸಮ್ಮತಿಯೂ ರಾಷ್ಟ್ರೀಯ ಕಂಪನಿ ಕಾನೂನು ನ್ಯಾಯಮಂಡಳಿಯ ಮಂಜೂರಾತಿಯೂ ಅಗತ್ಯ. ಆದರೆ ನ್ಯಾಯಮಂಡಳಿ ನೋಡುವುದು ಪಾಲು ಮಾಡುವ ಪತ್ರವನ್ನು. ಅನಂತರ ವರ್ಷ ವರ್ಷವೂ ನಡೆಯುವ ವ್ಯವಹಾರಗಳ ಮೇಲೆ ಕಣ್ಣಿಡಬೇಕಾದವರು ಸ್ವತಂತ್ರ ನಿರ್ದೇಶಕರು, ಲೆಕ್ಕಪರಿಶೋಧಕರು ಮತ್ತು ಷೇರುದಾರರು.

ನಾವು ಏನನ್ನು ನೋಡಬೇಕು?

ವಾರ್ಷಿಕ ವರದಿ ನೂರಾರು ಪುಟಗಳದ್ದು. ಎಲ್ಲವನ್ನೂ ಓದುವ ವ್ಯವಧಾನ ಯಾರಿಗೂ ಇರುವುದಿಲ್ಲ. ಬೇರ್ಪಟ್ಟ ಆಸ್ತಿ ಕಂಪನಿಯ ಷೇರು ನಮ್ಮಲ್ಲಿದ್ದರೆ ಈ ಕೆಳಗಿನ ಆರು ಸಂಗತಿಗಳನ್ನಾದರೂ ಹುಡುಕಿ ನೋಡುವುದು ಒಳ್ಳೆಯದು.

1. ಆದಾಯದಲ್ಲಿ ಎಷ್ಟು ಪಾಲು ಮಾತೃ ಸಂಸ್ಥೆಯಿಂದಲೇ ಬರುತ್ತದೆ? ವರ್ಷದಿಂದ ವರ್ಷಕ್ಕೆ ಅದು ಕಡಮೆಯಾಗುತ್ತಿದೆಯೇ?

2. ಬಾಡಿಗೆ ದರ ಹೇಗೆ ನಿಶ್ಚಯವಾಯಿತು? ಹೊರಗಿನ ಮೌಲ್ಯಮಾಪಕರ ವರದಿಯಿದೆಯೇ? ಅದೇ ಪ್ರದೇಶದ ಬೇರೆ ಬಾಡಿಗೆಗಳಿಗೆ ಹೋಲಿಸಿದರೆ ಹೇಗಿದೆ?

3. ಕರಾರನ್ನು ಮುರಿಯುವ ಹಕ್ಕು ಯಾರಿಗಿದೆ? ಎಷ್ಟು ಪರಿಹಾರ ಕೊಟ್ಟು ಮುರಿಯಬಹುದು?

4. ಒಂದು ಕಂಪನಿ ಇನ್ನೊಂದಕ್ಕೆ ಸಾಲ, ಮುಂಗಡ ಅಥವಾ ಜಾಮೀನು ಕೊಟ್ಟಿದೆಯೇ? ಬಡ್ಡಿ ಎಷ್ಟು? ಕೊಟ್ಟ ಮುಂಗಡ ಹಿಂದಿರುಗಿದೆಯೇ, ಅಥವಾ ಪ್ರತಿವರ್ಷ ಬಾಕಿಯಾಗಿಯೇ ಉಳಿದಿದೆಯೇ?

5. ಎರಡೂ ಮಂಡಳಿಗಳಲ್ಲಿ ಸಮಾನವಾಗಿ ಕುಳಿತವರು ಯಾರು? ಪ್ರವರ್ತಕರ ಪಾಲು ಎರಡರಲ್ಲಿಯೂ ಒಂದೇ ಪ್ರಮಾಣದಲ್ಲಿದೆಯೇ, ಬದಲಾಗಿದೆಯೇ?

6. ಮಾತೃ ಸಂಸ್ಥೆಯ ಹೆಸರು ಬಳಸಲು ಶುಲ್ಕವಿದೆಯೇ? ಅದು ಮಾರಾಟ ಹೆಚ್ಚಿದಂತೆ ಹೆಚ್ಚುತ್ತದೆಯೇ?

ಇವುಗಳಿಗೆ ತೃಪ್ತಿಕರವಾದ ಉತ್ತರ ಸಿಕ್ಕಿದರೆ ಸಂಬಂಧಿತ ಪಕ್ಷವೆಂಬ ಮಾತಿಗೇ ಬೆದರಬೇಕಾಗಿಲ್ಲ. ಉತ್ತರ ಸಿಗದಿದ್ದರೆ ವಾರ್ಷಿಕ ಸಭೆಯಲ್ಲಿ ಕೇಳುವ ಹಕ್ಕು ಒಂದೇ ಷೇರು ಇದ್ದವರಿಗೂ ಇದೆ. ಈಗ ಅನೇಕ ಸಭೆಗಳಲ್ಲಿ ವಿಡಿಯೋ ಮೂಲಕ ಭಾಗವಹಿಸಬಹುದು. ಮತವನ್ನು ಮನೆಯಿಂದಲೇ ಗಣಕಯಂತ್ರದಲ್ಲಿ ಚಲಾಯಿಸಬಹುದು.

ಕೊನೆಯದಾಗಿ ಒಂದು ಮಾತು. ನಮ್ಮ ತಂದೆ ತಾಯಿಯರು ಕಷ್ಟಪಟ್ಟು ಉಳಿಸಿ ಕೊಂಡ ಷೇರುಗಳು ಇಂದು ಅನೇಕ ಮನೆಗಳಲ್ಲಿ ಮುಪ್ಪಿನ ಆಧಾರವಾಗಿವೆ. ಕಂಪನಿಯಿಂದ ಬರುವ ಮತದಾನದ ಪತ್ರವನ್ನೂ ಮಿಂಚಂಚೆಯನ್ನೂ ನಾವು ಸಾಮಾನ್ಯವಾಗಿ ತೆರೆಯುವುದೇ ಇಲ್ಲ. ನಮ್ಮ ಒಂದು ಮತದಿಂದ ಏನಾದೀತು ಎಂಬ ಉದಾಸೀನ ಸಹಜ. ಆದರೆ ಸಂಬಂಧಿತ ಪಕ್ಷಗಳ ನಿರ್ಣಯಗಳಲ್ಲಿ ಒಪ್ಪಿಗೆ ಕೊಡುವ ಅಧಿಕಾರವನ್ನು ಯಜಮಾನರಿಂದ ತೆಗೆದು ನಮ್ಮ ಕೈಗೇ ಕಾನೂನು ಇಟ್ಟಿದೆ. ಪಾಲುಪತ್ರಕ್ಕೆ ಸಹಿ ಹಾಕುವಾಗ ಹಿರಿಯರು ಓದಿ ಹೇಳಿಸಿಕೊಳ್ಳುತ್ತಿದ್ದರು. ತಿಳಿಯದಿದ್ದರೆ ತಿಳಿದವರನ್ನು ಕರೆಸುತ್ತಿದ್ದರು. ಅದೇ ಎಚ್ಚರಿಕೆಯನ್ನು ನಾವು ಈ ಪತ್ರಗಳ ವಿಷಯದಲ್ಲಿಯೂ ವಹಿಸಿದರೆ, ಪುಣೆಯ ತಂಗಿಗೆ ಸಲ್ಲಬೇಕಾದುದು ತಪ್ಪದೆ ಸಲ್ಲುತ್ತದೆ.